ಮುಂದೆ ಬಿಚ್ಚೋರು ಯಾರೋ

ಬೋಲ್ಟಿನ ತಲೆಗೆ ಆರು ಮೂಲೆ. ಸ್ಪ್ಯಾನರ್ ಹಾಕಿ ತಿರುಗಿಸಿದಾಗ ನಮ್ಮ ತೋಳಿನ ಬಲವೆಲ್ಲ ಹೋಗಿ ಬೀಳೋದು ಆ ಮೂಲೆಗಳ ಪಕ್ಕದ ಸ್ವಲ್ಪವೇ ಸ್ವಲ್ಪ ಜಾಗದ ಮೇಲೆ. ಸ್ಪ್ಯಾನರ್ ಸರಿಯಾದ ಅಳತೆಯದ್ದಾಗಿದ್ದು, ನೇರವಾಗಿ ಕೂತಿದ್ದರೆ ಆ ಜಾಗ ವರ್ಷಗಟ್ಟಲೆ ತಡೆದುಕೊಳ್ಳುತ್ತೆ. ಅಳತೆ ಒಂಚೂರು ಸಡಿಲವಿದ್ದರೂ ಬಲ ಹೋಗಿ ಅಂಚಿನ ತುದಿಯ ಮೇಲೆ ಬೀಳುತ್ತೆ. ಅಂಚು ಸವೆಯುತ್ತೆ. ಒಂದು ಸಲ ಸವೆದ ಅಂಚು ಮುಂದಿನ ಸಲ ಇನ್ನೂ ಸುಲಭವಾಗಿ ಸವೆಯುತ್ತೆ. ಹೀಗೆ ಆರು ಮೂಲೆಯ ತಲೆ ನಿಧಾನಕ್ಕೆ ದುಂಡಗಾಗುತ್ತೆ. ಆಮೇಲೆ ಯಾವ ಸ್ಪ್ಯಾನರ್ ಹಾಕಿದರೂ ಅದು ಸುಮ್ಮನೆ ತಲೆಯ ಸುತ್ತ ಪ್ರದಕ್ಷಿಣೆ ಹಾಕುತ್ತೆ, ಬೋಲ್ಟು ಮಾತ್ರ ಕದಲಲ್ಲ.

ಗ್ಯಾರೇಜಿನಲ್ಲಿ ಇದಕ್ಕೆ 'ಬೋಲ್ಟು ಸ್ಲಿಪ್ ಆಗಿದೆ' ಅಂತಾರೆ. ಗಮನಿಸಿ, 'ಆಗಿದೆ'. ಯಾರೋ ಸ್ಲಿಪ್ 'ಮಾಡಿದ್ದಾರೆ' ಅಂತ ಯಾರೂ ಹೇಳಲ್ಲ. ಕನ್ನಡದ ಈ 'ಆಗಿದೆ' ಅನ್ನೋ ಪದ ಬಹಳ ದಯಾಮಯಿ. ಡೇಟಾ ಡಿಲೀಟ್ ಆಗಿದೆ, ಪೇಮೆಂಟ್ ಲೇಟ್ ಆಗಿದೆ, ಮೀಟಿಂಗ್‌ನಲ್ಲಿ ಸ್ವಲ್ಪ ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಆಗಿದೆ. ಮಳೆ ಬಂದ ಹಾಗೆ ಎಲ್ಲ ತಾನಾಗೇ ಆಗಿಬಿಟ್ಟಿರುತ್ತೆ. ಮಾಡಿದವರು ಮಾತ್ರ ವಾಕ್ಯದಲ್ಲಿ ಎಲ್ಲೂ ಇರಲ್ಲ.

ನನ್ನ ತಲೆಗೆ ಈ ಹುಳ ಬಿಟ್ಟಿದ್ದು ನಮ್ಮ ಕಾರಿನ ಆಯಿಲ್ ಡ್ರೈನ್ ಬೋಲ್ಟು. ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲೋ ತಟ್ಟೆ ಇರುತ್ತಲ್ಲ, ಮೆಕ್ಯಾನಿಕ್‌ಗಳು ಚೇಂಬರ್ ಅಂತಾರೆ, ಅದರ ಅಡಿಯಲ್ಲಿರೋ ಒಂದೇ ಒಂದು ಬೋಲ್ಟು. ಅದನ್ನ ಬಿಚ್ಚಿದರೆ ಹಳೇ ಆಯಿಲ್ ಇಳಿಯುತ್ತೆ, ಹಾಕಿದರೆ ಹೊಸದು ನಿಲ್ಲುತ್ತೆ. ಇಡೀ ಕಾರಿನಲ್ಲಿ ಮತ್ತೆ ಮತ್ತೆ ಬಿಚ್ಚಲೆಂದೇ ಮಾಡಿಟ್ಟ ಬೋಲ್ಟು ಯಾವುದಾದರೂ ಇದ್ದರೆ ಅದು ಇದೇ. ಸೆಕೆಂಡ್ ಹ್ಯಾಂಡ್ ಕಾರು ನಮ್ಮದು. ನಾನು ಮೊದಲ ಸಲ ಅದರ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದಾಗಲೇ ಬೋಲ್ಟಿನ ನಾಲ್ಕು ಮೂಲೆ ಹೋಗಿದ್ದವು. ಉಳಿದೆರಡು ಸಾಬೂನಿನ ಮೂಲೆಗಳ ಹಾಗಿದ್ದವು.

ಬಿಚ್ಚಿದ ಕಥೆ ಹೇಳ್ತೀನಿ, ನಿಮಗೂ ಉಪಯೋಗಕ್ಕೆ ಬರಬಹುದು. ಆರು ಮೂಲೆಯ ಒಳ್ಳೆ ಸಾಕೆಟ್ ಹಾಕಿ ಒಂದೇ ಒಂದು ಸಲ ಮೆತ್ತಗೆ ಒತ್ತಿದೆ. ಜಾರೋ ಸೂಚನೆ ಕೈಗೆ ಸಿಕ್ಕ ತಕ್ಷಣ ನಿಲ್ಲಿಸಿದೆ. ತುಕ್ಕು ಬಿಡಿಸೋ ಸ್ಪ್ರೇ ಇಲ್ಲಿ ಅಷ್ಟಕ್ಕಷ್ಟೇ, ಯಾಕೆಂದರೆ ಈ ಬೋಲ್ಟು ಹಿಡಿದಿರೋದು ತುಕ್ಕಿನಿಂದಲ್ಲ. ಬೇರೆ ಕಡೆಯಾದರೆ ಬೆಂಕಿ ತೋರಿಸಿ ಸಡಿಲ ಮಾಡ್ತಾರೆ, ಇಲ್ಲವೇ ತಲೆಗೆ ಒಂದು ನಟ್ಟು ವೆಲ್ಡ್ ಮಾಡಿ ತಿರುಗಿಸ್ತಾರೆ. ಆಯಿಲ್ ತುಂಬಿದ ಚೇಂಬರಿನ ಕೆಳಗೆ ಮಲಗಿಕೊಂಡು ಆ ಎರಡನ್ನೂ ಯೋಚಿಸಲೇಬಾರದು. ಲಾಕಿಂಗ್ ಪ್ಲೈಯರ್ ಕಚ್ಚಿಸಿದೆ, ತಲೆ ತೆಳ್ಳಗಿದ್ದರಿಂದ ಹಿಡಿತ ಸಿಗಲಿಲ್ಲ. ಒಂದು ಸೈಜ್ ಚಿಕ್ಕ ಸಾಕೆಟ್ ಅನ್ನು ಸುತ್ತಿಗೆಯಿಂದ ಬಡಿದು ಕೂರಿಸೋದು ಹಳೇ ಉಪಾಯ, ಅದೂ ಕೂರಲಿಲ್ಲ. ಕೊನೆಗೆ ಮುಂದಿನ ಶನಿವಾರ ಎಸ್.ಪಿ. ರಸ್ತೆಗೆ ಹೋಗಿ ಎಕ್ಸ್‌ಟ್ರಾಕ್ಟರ್ ಸಾಕೆಟ್ ತಂದೆ. ಅದರ ಒಳಗೆ ಉಲ್ಟಾ ಸುರುಳಿಯ ಹಲ್ಲುಗಳಿರುತ್ತವೆ. ಬಿಚ್ಚೋ ದಿಕ್ಕಿಗೆ ತಿರುಗಿಸಿದಷ್ಟೂ ಅವು ಲೋಹದೊಳಗೆ ಆಳಕ್ಕೆ ಕಚ್ಚುತ್ತಾ ಹೋಗುತ್ತವೆ. ಬೋಲ್ಟಿನ ತಲೆ ಪೂರ್ತಿ ಹಾಳಾಗುತ್ತೆ, ಆದರೆ ಬೋಲ್ಟು ಬರುತ್ತೆ. ಬಂತು. ಟಕ್ ಅನ್ನೋ ಶಬ್ದ, ಬೇಸ್‌ಮೆಂಟ್ ಪೂರ್ತಿ ಪ್ರತಿಧ್ವನಿ, ಆಮೇಲೆ ಮೊಣಕೈವರೆಗೆ ಬೆಚ್ಚಗಿನ ಕಪ್ಪು ಆಯಿಲ್. (ಬೇಸ್‌ಮೆಂಟಿನಲ್ಲಿ ಗಾಡಿ ಬಿಚ್ಚಬಾರದು ಅನ್ನೋ ನಿಯಮ ಇದೆಯೋ ಇಲ್ಲವೋ ಅಂತ ನಮ್ಮ ಅಸೋಸಿಯೇಷನ್ನಿನ ವಾಟ್ಸಾಪ್ ಗ್ರೂಪಿನಲ್ಲಿ ಇನ್ನೂ ಚರ್ಚೆ ನಡೀತಿದೆ.)

ಬಂದ ಬೋಲ್ಟಿನ ಜೊತೆ ಇನ್ನೊಂದು ವಸ್ತು ಬಂತು. ನನಗೆ ಮುಖ್ಯ ಅನ್ನಿಸಿದ್ದು ಅದು. ವಾಷರು. ಡ್ರೈನ್ ಬೋಲ್ಟಿನ ಕೆಳಗೆ ಮೆತ್ತನೆ ಲೋಹದ ಒಂದು ಉಂಗುರ ಇರುತ್ತೆ. ಆಯಿಲ್ ಸೋರದ ಹಾಗೆ ತಡೆಯೋದು ಅದು, ಬೋಲ್ಟಿನ ಬಿಗಿಯಲ್ಲ. ಬೋಲ್ಟು ಬಿಗಿಯಾದಾಗ ಉಂಗುರ ಸ್ವಲ್ಪ ಅಪ್ಪಚ್ಚಿಯಾಗಿ ಸಂದುಗಳನ್ನೆಲ್ಲ ಮುಚ್ಚುತ್ತೆ. ಒಂದು ಸಲ ಅಪ್ಪಚ್ಚಿಯಾದ ಮೇಲೆ ಅದರ ಕೆಲಸ ಮುಗೀತು, ಮುಂದಿನ ಸಲ ಹೊಸದು ಹಾಕಬೇಕು. ತೀರಾ ಚಿಲ್ಲರೆ ದುಡ್ಡಿನ ವಸ್ತು. ನನ್ನ ಕೈಗೆ ಬಂದ ವಾಷರು ಕಾಗದದಷ್ಟು ತೆಳ್ಳಗಾಗಿತ್ತು. ಅದು ಎಷ್ಟೋ ಆಯಿಲ್ ಚೇಂಜ್‌ಗಳನ್ನ ಕಂಡಿತ್ತು.

ಅಲ್ಲಿಗೆ ಲೆಕ್ಕ ಸಿಕ್ಕಿತು. ಹೊಸ ವಾಷರು ಹಾಕಿಲ್ಲ. ಹಳೇದು ಸಂದು ಮುಚ್ಚಲ್ಲ. ಹಾಗಾಗಿ ಸ್ವಲ್ಪ ಜಾಸ್ತಿ ಬಿಗಿ. ಮುಂದಿನ ಸಲವೂ ಅದೇ ವಾಷರು, ಇನ್ನೂ ಸ್ವಲ್ಪ ಬಿಗಿ. ಒಂದು ಸಣ್ಣ ಕಾಳಜಿ ತಪ್ಪಿದ ಜಾಗವನ್ನ ಪ್ರತಿಸಲವೂ ತೋಳ್ಬಲ ಬಂದು ತುಂಬಿದೆ. ಸಣ್ಣ ಕಾರುಗಳಲ್ಲಿ ಈ ಬೋಲ್ಟಿಗೆ ಬೇಕಾದ ಬಿಗಿ ಸಾಮಾನ್ಯವಾಗಿ 30ರಿಂದ 40 ನ್ಯೂಟನ್ ಮೀಟರ್. 35 ಅಂದುಕೊಳ್ಳಿ. ಕಾಲು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಸುಮಾರು 14 ಕೆಜಿ ನೇತುಹಾಕಿದಷ್ಟು. ಅಂದರೆ ಅಡುಗೆ ಸಿಲಿಂಡರಿನ ಒಳಗಿನ ಗ್ಯಾಸಿನಷ್ಟು ತೂಕ, ಸಿಲಿಂಡರ್ ಸೇರಿಸಿ ಅಲ್ಲ. ದೊಡ್ಡ ಬಲವೇನಲ್ಲ ಅದು. ನನ್ನ ಬೋಲ್ಟಿಗೆ ಯಾರೋ ಸಿಲಿಂಡರ್, ಸ್ಟೌ, ಅಡುಗೆಮನೆ ಕಟ್ಟೆ ಎಲ್ಲ ಸೇರಿಸಿ ನೇತುಹಾಕಿದ್ದರು.

ಎಂಜಿನಿಯರುಗಳ ಹತ್ತಿರ ಒಂದು ಅಂದಾಜು ಲೆಕ್ಕವಿದೆ. ಬೋಲ್ಟು ಬಿಗಿ ಮಾಡೋಕೆ ನಾವು ಹಾಕೋ ಬಲದಲ್ಲಿ ಸುಮಾರು ಅರ್ಧ ತಲೆಯ ಕೆಳಗಿನ ಘರ್ಷಣೆಗೆ ಹೋಗುತ್ತೆ. ಸುಮಾರು 40 ಪಾಲು ಮರೆಗಳ, ಅಂದರೆ ಥ್ರೆಡ್ಡುಗಳ, ಘರ್ಷಣೆಗೆ ಹೋಗುತ್ತೆ. ನಿಜವಾಗಿ ಎರಡು ವಸ್ತುಗಳನ್ನ ಹಿಡಿದಿಡೋ ಕೆಲಸಕ್ಕೆ ಸಿಗೋದು ನೂರಕ್ಕೆ ಹತ್ತು. ಅಂದರೆ ಕೈಗೆ 'ಆಹಾ, ಎಷ್ಟು ಬಿಗಿ' ಅನ್ನಿಸೋದರಲ್ಲಿ ಬಹುಪಾಲು ಬರೀ ಉಜ್ಜಾಟ. ಹಿಡಿತವೇ ಬೇರೆ, ಹಿಡಿದಿದ್ದೀನಿ ಅನ್ನೋ ಸಮಾಧಾನವೇ ಬೇರೆ. ಇದನ್ನ ಮದುವೆ, ಮಕ್ಕಳು, ಮ್ಯಾನೇಜರು ಅಂತ ಎಲ್ಲಿಗೆ ಬೇಕಾದರೂ ಎಳೆಯಬಹುದು. ನಾನು ಎಳೆಯಲ್ಲ, ನಿಮಗೆ ಬಿಟ್ಟಿದ್ದು.

ಸಿಟ್ಟು ಬಂದಿತ್ತು, ಸುಳ್ಯಾಕೆ. ಹಳೇ ಮಾಲೀಕರು ನಿವೃತ್ತ ಮೇಷ್ಟ್ರು. ಕಾರಿನ ಜೊತೆ ಬಿಲ್ಲುಗಳ ಫೈಲನ್ನೂ ತೂತು ಹೊಡೆದು ದಾರ ಕಟ್ಟಿ ಕೊಟ್ಟಿದ್ದರು. ಅದರಲ್ಲಿ ಮೂರು ಆಯಿಲ್ ಚೇಂಜ್‌ಗಳ ಬಿಲ್ಲಿತ್ತು, ಪ್ರತಿ ಬಿಲ್ಲಿನಲ್ಲೂ ಕೆಲಸ ಮಾಡಿದ ಹುಡುಗನ ಹೆಸರಿತ್ತು. ಮೂರು ಬಿಲ್ಲು, ಮೂರು ಹೆಸರು. ನಮ್ಮ ಸಾಫ್ಟ್‌ವೇರ್ ಮಂದಿಗೆ ಗಿಟ್ ಬ್ಲೇಮ್ ಅಂತ ಒಂದು ಕಮಾಂಡ್ ಇದೆ. ಯಾವ ಸಾಲನ್ನ ಯಾರು, ಯಾವತ್ತು ಬರೆದರು ಅಂತ ತೋರಿಸುತ್ತೆ. ಫೈಲು ನನಗೆ ಹಾಗೇ ಕಾಣಿಸಿತು. ಒಂದು ಸ್ಟಾರಿನ ರಿವ್ಯೂ ಕೂಡ ಫೋನಿನಲ್ಲಿ ಬರೆದಿಟ್ಟೆ. ಬೋಲ್ಟಿನ ಫೋಟೋ, ವಾಷರಿನ ಫೋಟೋ, ಕೊನೇ ಬಿಲ್ಲಿನ ಹುಡುಗನ ಹೆಸರು. ಇನ್ನು ಒತ್ತೋದೊಂದೇ ಬಾಕಿ.

ಒತ್ತೋ ಮೊದಲು ಒಂದು ಪ್ರಶ್ನೆ ಅಡ್ಡ ಬಂತು. ತಪ್ಪು ಯಾರದ್ದು? ಮೊದಲನೆಯವನು ಜಾಸ್ತಿ ಬಿಗಿ ಮಾಡಿರಬಹುದು. ಎರಡನೆಯವನಿಗೆ ಅದು ಬರದೇ, ಸಡಿಲ ಸ್ಪ್ಯಾನರ್ ಹಾಕಿ ಮೂಲೆ ತಿಂದಿರಬಹುದು. ಮೂರನೆಯವನ ಕೈಗೆ ಬಂದಿದ್ದು ಆಗಲೇ ಅರ್ಧ ಸವೆದ ಬೋಲ್ಟು. ಇಬ್ಬರೂ ಬಿಟ್ಟುಹೋದದ್ದನ್ನ ಅವನು ಹೇಗೋ ಬಿಚ್ಚಿದ್ದಾನೆ. ಆದರೆ ನೋಡಿಯೂ ಅದನ್ನೇ ವಾಪಸ್ ಹಾಕಿದ್ದಾನೆ. ನನ್ನ ಲೆಕ್ಕದಲ್ಲಿ ಹೆಚ್ಚು ಹೊಣೆ ಮೂರನೆಯವನದ್ದೇ. ಅವನ ತೋಳು ಮಾಡಿದ ಹಾನಿ ಎಲ್ಲರಿಗಿಂತ ಕಮ್ಮಿ ಇರಬಹುದು, ಆದರೆ ಕಣ್ಣಾರೆ ಕಂಡವನು ಅವನೊಬ್ಬನೇ. ಕಾಣದೇ ಮಾಡೋದಕ್ಕೂ ಕಂಡೂ ಮುಚ್ಚೋದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಇದನ್ನ ನಮ್ಮ ಏರಿಯಾದ ಗ್ಯಾರೇಜಿನ ಭಾಯ್ ಹತ್ತಿರ ಹೇಳಿದೆ. ಹೊಸ ಬೋಲ್ಟು, ಹೊಸ ವಾಷರು ತಗೊಳ್ಳೋಕೆ ಹೋಗಿದ್ದೆ. ಅವರು ದುಂಡಗಾದ ಬೋಲ್ಟನ್ನ ಅಂಗೈಯಲ್ಲಿಟ್ಟು ಉರುಳಿಸಿ ನೋಡಿದರು.

"ಸಾರ್, ಲೀಕ್ ಆದ್ರೆ ಯಾರನ್ನ ಬೈತೀರ?"

"ಕೆಲಸ ಮಾಡಿದವನನ್ನ."

"ಸ್ಲಿಪ್ ಆದ್ರೆ?"

ನಾನು ಸುಮ್ಮನಿದ್ದೆ.

"ಲೀಕ್ ಆದ್ರೆ ನಾಳೆನೇ ಫೋನ್ ಮಾಡ್ತೀರ. ಸ್ಲಿಪ್ ಆಗಿದ್ದು ವರ್ಷ ಬಿಟ್ಟು ಗೊತ್ತಾಗುತ್ತೆ, ಅಷ್ಟೊತ್ತಿಗೆ ಗಾಡಿ ಇನ್ಯಾರದ್ದೋ ಕೈಯಲ್ಲಿರುತ್ತೆ. ಹುಡುಗ್ರು ಯಾವುದಕ್ಕೆ ಹೆದರ್ತಾರೆ ಹೇಳಿ."

ಮತ್ತೆ ಹೊಸ ಬೋಲ್ಟು ಯಾಕೆ ಹಾಕಲಿಲ್ಲ ಅಂದೆ. ಅದಕ್ಕೂ ಅವರ ಹತ್ತಿರ ಉತ್ತರವಿತ್ತು. "ಹೊಸ ಬೋಲ್ಟ್ ಹಾಕಿದ್ರೆ ಬಿಲ್ಲಲ್ಲಿ ಬರೀಬೇಕು ಸಾರ್. ಕಸ್ಟಮರ್ ಏನಂತಾರೆ? ಆಯಿಲ್ ಚೇಂಜ್‌ಗೆ ಕೊಟ್ರೆ ಬೋಲ್ಟ್ ಯಾಕೆ ಬದಲಾಯಿಸಿದ್ರಿ, ಸುಮ್ನೆ ಬಿಲ್ ಏರಿಸ್ತೀರಾ ಅಂತಾರೆ. ಹುಡುಗ ಯಾಕೆ ಮೈಮೇಲೆ ಎಳ್ಕೋತಾನೆ?"

'ಮಾಡಿದ್ದುಣ್ಣೋ ಮಹಾರಾಯ' ಅನ್ನೋ ಗಾದೆ ಕೇಳಿ ಬೆಳೆದವರು ನಾವು. ಅದರಲ್ಲಿ ಒಂದು ಭರವಸೆ ಇದೆ. ಮಾಡಿದವನೇ ಉಣ್ಣುತ್ತಾನೆ, ಇವತ್ತಲ್ಲದಿದ್ದರೆ ನಾಳೆ. ಬೋಲ್ಟಿನ ವಿಷಯದಲ್ಲಿ ಮಹಾರಾಯ ಉಣ್ಣೋದೇ ಇಲ್ಲ. ಅವನು ಕೈ ತೊಳೆದುಕೊಂಡು ಹೋಗಿಯಾಗಿರುತ್ತೆ. ಎಲೆ ಹಾಕಿಸಿಕೊಂಡು ಕೂರೋನು ಇನ್ಯಾರೋ. ನಮ್ಮ ಕಾಲದ ಬಹುತೇಕ ಕೆಲಸಗಳು ಹೀಗೇ ಇವೆ. ಬಿಲ್ಡರ್ ಪೈಪಿನ ಮೇಲೆ ಟೈಲ್ಸ್ ಮುಚ್ಚಿ ಫ್ಲ್ಯಾಟ್ ಕೊಟ್ಟು ಹೋಗ್ತಾನೆ, ಗೋಡೆ ಒಡೆಸೋದು ಎಷ್ಟೋ ವರ್ಷದ ನಂತರದ ಬಾಡಿಗೆದಾರರ ಕಾಲಕ್ಕೆ. ಶುಕ್ರವಾರ ರಿಲೀಸ್ ಆಗಲೇಬೇಕು ಅಂತ ಪಾಸ್‌ವರ್ಡನ್ನ ಕೋಡಿನೊಳಗೇ ಬರೆದವನು ಬೇರೆ ಕಂಪನಿ ಸೇರಿರ್ತಾನೆ, ರಾತ್ರಿ ಎರಡಕ್ಕೆ ಏಳೋದು ಹೊಸದಾಗಿ ಸೇರಿದ ಹುಡುಗಿ. ಇವರು ಯಾರೂ ದುಷ್ಟರಲ್ಲ. ತಮ್ಮ ಹೆಸರಿರೋ ಅವಧಿಯಲ್ಲಿ ಸೋರದ ಹಾಗೆ ನೋಡಿಕೊಂಡಿದ್ದಾರೆ, ಅಷ್ಟೇ.

ರಾಬರ್ಟ್ ಪಿರ್ಸಿಗ್ ಬರೆದು 1974ರಲ್ಲಿ ಪ್ರಕಟವಾದ 'ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್' ನಿಮ್ಮಲ್ಲಿ ಹಲವರ ಕಪಾಟಿನಲ್ಲಿರುತ್ತೆ, ಅರ್ಧ ಓದಿದ್ದು. ಅದರಲ್ಲಿ ಬೈಕಿನ ಒಂದು ಸ್ಕ್ರೂ ಸಿಕ್ಕಿಹಾಕಿಕೊಂಡು ಬಿಚ್ಚದೇ ಹೋಗೋ ಪ್ರಸಂಗ ಬರುತ್ತೆ. ಆ ಸಿಕ್ಕಿಹಾಕಿಕೊಳ್ಳೋ ಕ್ಷಣ ಮನಸ್ಸಿಗೆ ಒಳ್ಳೆಯದು, ಹೊಸದಾಗಿ ಯೋಚಿಸೋಕೆ ಅದೇ ದಾರಿ ಅನ್ನೋ ಅರ್ಥದಲ್ಲಿ ಅವನು ದೊಡ್ಡ ಜಿಜ್ಞಾಸೆ ಮಾಡ್ತಾನೆ. ಓದುವಾಗ ನಾನೂ ತಲೆದೂಗಿದ್ದೆ. ಕಾರಿನ ಕೆಳಗೆ ಮಲಗಿದಾಗ ಅದು ಅರ್ಧ ಸತ್ಯ ಅನ್ನಿಸಿತು. ಪಿರ್ಸಿಗ್‌ನ ಆ ಜಿಜ್ಞಾಸೆಯಲ್ಲಿ ಇರೋದು ಇಬ್ಬರೇ, ಅವನು ಮತ್ತು ಸ್ಕ್ರೂ. ನನ್ನ ಮುಖದ ಮೇಲಿದ್ದ ಬೋಲ್ಟಿನಲ್ಲಿ ಮೂರು ಜನರ ಕೈಯಿತ್ತು. ನನ್ನದು ನಾಲ್ಕನೆಯದು. ತಾಳ್ಮೆ ನನ್ನ ಗುಣ ಆಗಬಹುದು, ಆದರೆ ನನ್ನ ತಾಳ್ಮೆ ಪರೀಕ್ಷಿಸೋ ಹಕ್ಕು ಅವರಿಗೆ ಯಾರು ಕೊಟ್ಟರು?

ಹಾಗಂತ ಬಿಗಿ ಮಾಡೋದೇ ತಪ್ಪು ಅಂತ ಅಲ್ಲ. ಚಕ್ರದ ನಟ್ಟು ಸಡಿಲ ಬಿಟ್ಟರೆ ಜೀವ ಹೋಗುತ್ತೆ. ಬಿಗಿಯೂ ಒಂದು ಕಾಳಜಿಯೇ. ಆದರೆ ಅಲ್ಲೂ ಅಳತೆ ಇದೆ. ಸಣ್ಣ ಕಾರಿನ ಚಕ್ರದ ನಟ್ಟಿಗೆ ಹೆಚ್ಚುಕಮ್ಮಿ 85ರಿಂದ 110 ನ್ಯೂಟನ್ ಮೀಟರ್ ಸಾಕು. ಪಂಕ್ಚರ್ ಅಂಗಡಿಯಲ್ಲಿ ಹುಡುಗ ಸ್ಪ್ಯಾನರಿನ ಮೇಲೆ ಹತ್ತಿ ನಿಲ್ಲೋದನ್ನ ನೋಡಿರ್ತೀರಿ. ಅರವತ್ತು ಕೆಜಿಯ ಹುಡುಗ ಮೂವತ್ತು ಸೆಂಟಿಮೀಟರ್ ಸ್ಪ್ಯಾನರಿನ ತುದಿಯಲ್ಲಿ ಸುಮ್ಮನೆ ನಿಂತರೇ ಅದು 176 ಆಗುತ್ತೆ. ಕುಣಿದರೆ ಇನ್ನೂ ಜಾಸ್ತಿ. ನಾವು ಪಕ್ಕದಲ್ಲಿ ನಿಂತು, ಪರವಾಗಿಲ್ಲ, ಹುಡುಗ ಗಟ್ಟಿಯಾಗಿ ಹಾಕ್ತಿದ್ದಾನೆ ಅಂತ ಸಮಾಧಾನಪಟ್ಟುಕೊಳ್ತೀವಿ. ಆ ನಟ್ಟನ್ನ ಮುಂದೆ ಬಿಚ್ಚೋರು ಯಾರು? ಶಿರಾಡಿ ಘಾಟಿಯಲ್ಲಿ, ಮಳೆಯಲ್ಲಿ, ನೆಟ್‌ವರ್ಕ್ ಇಲ್ಲದ ತಿರುವಿನಲ್ಲಿ ನಿಂತ ನಿಮ್ಮ ಅಪ್ಪ ಇರಬಹುದು. ಕಾರಿನ ಜೊತೆ ಬಂದ ಗಿಡ್ಡ ಸ್ಪ್ಯಾನರ್ ಹಿಡಿದುಕೊಂಡು. ಆವತ್ತು ಅವರ ಕೈಗೆ ಸಿಗೋದು ಪಂಕ್ಚರ್ ಅಂಗಡಿಯವನ ಕಾಳಜಿಯಲ್ಲ, ಅವನ ತೂಕ.

ನಮ್ಮಜ್ಜ ಹಸು ಕಟ್ಟುತ್ತಿದ್ದದ್ದು ನೆನಪಾಗುತ್ತೆ. ಗೂಟಕ್ಕೆ ಹಗ್ಗ ಸುತ್ತಿ ಜೀರುಗುಣಿಕೆ ಹಾಕೋರು. ಹಸು ಎಷ್ಟು ಜಗ್ಗಿದರೂ ಬಿಚ್ಚಿಕೊಳ್ಳಲ್ಲ, ಆದರೆ ತುದಿ ಹಿಡಿದು ಒಂದು ಸಲ ಎಳೆದರೆ ಮಗುವಿನ ಕೈಗೂ ಬಿಚ್ಚುತ್ತೆ. ಕೊಟ್ಟಿಗೆಗೆ ರಾತ್ರಿ ಬೆಂಕಿ ಬಿದ್ದರೆ ಬಿಚ್ಚೋಕೆ ಓಡಿಬರೋರು ಯಾರೋ ಏನೋ, ಅಂತಿದ್ದರು. ಹಸುವನ್ನ ಹಿಡಿದಿಡೋ ಗಂಟಿನಲ್ಲೇ ಅದನ್ನ ಬಿಡಿಸೋ ದಾರಿಯನ್ನೂ ಸೇರಿಸಿ ಕಟ್ಟಿರುತ್ತಿದ್ದರು. ಅಜ್ಜನಿಗೆ ಅದು ತತ್ವಜ್ಞಾನವಾಗಿರಲಿಲ್ಲ, ಹಗ್ಗ ಕಟ್ಟೋ ರೀತಿ ಅದು ಅಷ್ಟೇ. ಆದರೆ ಒಂದು ವ್ಯತ್ಯಾಸವಿತ್ತು. ಬಿಚ್ಚೋಕೆ ಬರೋರು ಪಕ್ಕದ ಮನೆಯವರು, ಮುಖ ಗೊತ್ತಿರೋರು. ಮಾರನೇ ದಿನ ಕೆರೆ ಏರಿ ಮೇಲೆ ಸಿಗೋರು. ನಮಗೆ ನಮ್ಮ ನಂತರದವರ ಮುಖವೇ ಗೊತ್ತಿಲ್ಲ. ಮುಖ ಗೊತ್ತಿಲ್ಲದವರಿಗೆ ನಾವು ಏನಾದರೂ ಬಾಕಿ ಇದ್ದೀವಾ ಅನ್ನೋದೇ ಪ್ರಶ್ನೆ.

ಇದ್ದೀವಿ ಅಂತಲೇ ನನಗೆ ಅನ್ನಿಸೋದು. ನಾನು ಹೋದ ಮೇಲೂ ಕೆಲಸ ಉಳಿಯೋದಾದರೆ, ಕೆಲಸ ಮುಗಿದಾಗ ಹೊಣೆಯೂ ಮುಗಿಯುತ್ತೆ ಅಂತ ಹೇಳೋದು ಹೇಗೆ? ಆದರೆ ಈ ಮಾತನ್ನ ಆ ಮೂರನೇ ಹುಡುಗನ ಮುಂದೆ ನಿಂತು ಹೇಳೋ ಧೈರ್ಯ ನನಗಿಲ್ಲ. ನನಗೆ ಇರೋದು ಒಂದು ಕಾರು, ಎರಡು ವೀಕೆಂಡು. ಎಸ್.ಪಿ. ರಸ್ತೆಗೆ ಹೋಗಿ ಬರೋ ಪುರುಸೊತ್ತು, ಒಂದೇ ಬೋಲ್ಟಿಗೆ ಬೇಕಾಗಿ ಟೂಲ್ ಕೊಳ್ಳೋ ದುಡ್ಡು ಎರಡೂ ಇವೆ. ಅವನಿಗೆ ದಿನಕ್ಕೆ ಇಷ್ಟು ಗಾಡಿ ಅಂತ ಲೆಕ್ಕ ಇರುತ್ತೆ, ಒಂದು ಏರ್ ಗನ್ನು, ಹಿಂದೆ ನಿಂತ ಸೂಪರ್‌ವೈಸರು. ಹೊಸ ವಾಷರು ಸ್ಟೋರಿನಿಂದ ತರೋಕೆ ಸಹಿ ಬೇಕಿದ್ದಿರಬಹುದು. ಅವನು ಸಡಿಲ ಬಿಟ್ಟರೆ ಸಂಬಳ ಕಟ್, ಹಾಳು ಮಾಡಿದರೆ ಏನೂ ಇಲ್ಲ ಅನ್ನೋ ವ್ಯವಸ್ಥೆಯನ್ನ ಕಟ್ಟಿದ್ದು ಅವನಲ್ಲ. ಬಿಲ್ಲಿನಲ್ಲಿ ಒಂದು ಬೋಲ್ಟು ಜಾಸ್ತಿ ಕಂಡರೆ ಹುಬ್ಬೇರಿಸೋ ಗಿರಾಕಿಗಳಿಗೂ ಅದರಲ್ಲಿ ಪಾಲಿದೆ. ಆದರೂ, ಇಷ್ಟೆಲ್ಲ ಒಪ್ಪಿಕೊಂಡ ಮೇಲೂ, ಅವನನ್ನ ಪೂರ್ತಿ ಬಿಟ್ಟುಬಿಡೋಕೆ ಮನಸ್ಸು ಬರಲ್ಲ. ಅಷ್ಟೇ ಗಾಡಿಗಳ ಒತ್ತಡದಲ್ಲೂ 'ಬೋಲ್ಟ್ ಬದಲಾಯಿಸಬೇಕು' ಅಂತ ಬಿಲ್ಲಿನ ಹಿಂದೆ ಒಂದು ಸಾಲು ಗೀಚೋ ಹುಡುಗರು ಇದ್ದಾರೆ. ಅವರಿಗೂ ಅದೇ ಸೂಪರ್‌ವೈಸರ್. ಎಲ್ಲ ವ್ಯವಸ್ಥೆಯ ತಪ್ಪು ಅಂದುಬಿಟ್ಟರೆ ಆ ಹುಡುಗರ ಒಳ್ಳೆಯತನಕ್ಕೆ ಲೆಕ್ಕವೇ ಇಲ್ಲದಂತಾಗುತ್ತೆ.

ರಿವ್ಯೂ ಹಾಕಿದೆ. ಹುಡುಗನ ಹೆಸರು ತೆಗೆದು, ಫೋಟೋಗಳನ್ನ ಉಳಿಸಿಕೊಂಡು, ಪ್ರತಿ ಆಯಿಲ್ ಚೇಂಜ್‌ಗೂ ಹೊಸ ವಾಷರು ಹಾಕ್ತೀರಾ ಅನ್ನೋ ಪ್ರಶ್ನೆಯನ್ನ ಸೇರಿಸಿ. 'ನಿಮ್ಮ ಅನುಭವಕ್ಕೆ ವಿಷಾದಿಸುತ್ತೇವೆ, ದಯವಿಟ್ಟು ನಿಮ್ಮ ನಂಬರ್ ಹಂಚಿಕೊಳ್ಳಿ' ಅನ್ನೋ ಉತ್ತರ ಎರಡೇ ನಿಮಿಷದಲ್ಲಿ ಬಂತು. ಯಾವ ಮನುಷ್ಯನೂ ಅಷ್ಟು ಬೇಗ ವಿಷಾದಿಸಲ್ಲ.

ಇನ್ನು ವಾಪಸ್ ಹಾಕೋದು. ಮೊದಲು ಕೈಯಲ್ಲೇ ತಿರುಗಿಸಿದೆ. ಮರೆ ಸರಿಯಾಗಿ ಕೂತಿದೆ ಅನ್ನೋದನ್ನ ಬೆರಳಿಗಿಂತ ಚೆನ್ನಾಗಿ ಯಾವ ಟೂಲೂ ಹೇಳಲ್ಲ. ಭಾಯ್ ಒಂದು ಗುಟ್ಟು ಹೇಳಿಕೊಟ್ಟಿದ್ದರು. ಸ್ಪ್ಯಾನರನ್ನ ತುದಿಯಲ್ಲಿ ಹಿಡೀಬೇಡಿ, ಕುತ್ತಿಗೆ ಹತ್ತಿರ ಹಿಡೀರಿ, ಆಗ ಜಾಸ್ತಿ ಬಿಗಿ ಮಾಡೋಣ ಅಂದ್ರೂ ಆಗಲ್ಲ. ನಾನು ಟಾರ್ಕ್ ರೆಂಚ್ ಎರವಲು ತಂದಿದ್ದೆ. 35ಕ್ಕೆ ಇಟ್ಟು ಎಳೆದೆ. ಕ್ಲಿಕ್ ಅಂತು.

ಅಷ್ಟೇನಾ ಅನ್ನಿಸಿತು. ಲೆಕ್ಕ ಗೊತ್ತಿದೆ, ವಾಷರು ಹೊಸದು, ಬೋಲ್ಟು ಹೊಸದು, ರೆಂಚು ಸರಿ ಇದೆ. ಆದರೂ ಕೈ ಸ್ಪ್ಯಾನರ್ ಬಿಡಲ್ಲ. ಇನ್ನೊಂದು ಕಾಲು ಸುತ್ತು, ಏನಾಗುತ್ತೆ? ಸೇಫ್ಟಿಗೆ. ಹೈವೇಯಲ್ಲಿ ಬಿಚ್ಚಿಕೊಂಡು ಆಯಿಲ್ ಎಲ್ಲ ಸುರಿದುಹೋದರೆ? ಕಾರಿನಲ್ಲಿ ಮಗಳು ಇರ್ತಾಳೆ. ಕೆಳಗೆ ಮಲಗಿದ್ದ ಆ ಅರ್ಧ ನಿಮಿಷ, ಆ ಮೂವರ ಜೊತೆ ಸಾಲಿನಲ್ಲಿ ನಾನೂ ನಿಂತಿದ್ದೆ. ಅವರ ಕೈಗೂ ಇದೇ ತುರಿಕೆ ಬಂದಿರುತ್ತೆ. ಸ್ಪ್ಯಾನರ್ ತೆಗೆದು ಪಕ್ಕಕ್ಕಿಟ್ಟೆ.

ಗಾಡಿ ಕೆಳಗೆ ಹಳೇ ಪೇಪರ್ ಹಾಸಿ ಮೂರು ದಿನ ಬೆಳಗ್ಗೆ ಎದ್ದ ತಕ್ಷಣ ಬೇಸ್‌ಮೆಂಟಿಗೆ ಇಳಿದೆ. ಎರಡನೇ ದಿನ ಪೇಪರ್ ಒಂದು ಕಡೆ ಒದ್ದೆಯಾಗಿತ್ತು. ಎದೆ ಧಸಕ್ಕೆಂದಿತು. ಬೆರಳಲ್ಲಿ ಮುಟ್ಟಿ, ಮೂಸಿ, ಬೆಳಕಿಗೆ ಹಿಡಿದು ನೋಡಿದೆ. ಎಸಿ ನೀರು.